ನೀರಿನ ಮುಂದೆ ಓಡಿದವನು

ಹೇಸ್, ಲಂಡನ್
೫ ಅಕ್ಟೋಬರ್ ೨೦೨೫

ಅಣ್ಣಾ,

ಫೋನಿನಲ್ಲಿ ನಾವಿಬ್ಬರೂ ಮೂರನೆಯ ಮಾತಿಗೇ ಜಗಳಕ್ಕೆ ಬೀಳುತ್ತೇವೆಂದು ಅವ್ವ ಹೊಸ ಕಾನೂನು ಮಾಡಿದ್ದಾಳೆ. “ಇನ್ಮ್ಯಾಲೆ ನೀವಿಬ್ರೂ ಕಾಗದ ಬರೀರಿ. ಬರಿಯೂ ಮುಂದ ಅರ್ಧ ಸಿಟ್ಟು ಇಳೀತೈತಿ, ಉಳಿದ ಅರ್ಧ ಟಪಾಲದಾಗ ಇಳೀತೈತಿ” ಎಂದಳು. ಅದಕ್ಕೇ ಈ ಕಾಗದ. ಸಿಟ್ಟು ಇಳಿದಿದೆಯೋ ಇಲ್ಲವೋ ನೀನೇ ಹೇಳು.

ಅವ್ವ ಬಂದು ಎರಡು ತಿಂಗಳಾಯಿತು. ವೀಸಾ ಇರುವುದು ಆರು ತಿಂಗಳಿಗೆ, ಜನವರಿಯ ಕೊನೆಗೆ ವಿಮಾನ. ಇಷ್ಟರಲ್ಲಿ ನೀನು ಅವಳ ಜೊತೆ ಕಳೆದದ್ದು ಒಂದು ಶನಿವಾರ. ಅದರಲ್ಲೂ ನಾನು ನಿನ್ನನ್ನು “ಸಾಹುಕಾರರ ಕಾಲುವೆ ಕಾಯುವವನು” ಎಂದೆ, ನೀನು ನನ್ನನ್ನು “ಕರಪತ್ರದ ಕಾಳವ್ವ” ಎಂದೆ. ಅವ್ವ ರೊಟ್ಟಿ ಬಡಿಯುತ್ತಾ ಎರಡನ್ನೂ ಕೇಳಿಸಿಕೊಂಡಳು.

ನೀನು ನೀರಿನ ಬಾಗಿಲು ದುರಸ್ತಿ ಮಾಡುತ್ತಿರುವ ಆ ಸ್ಕಾಟ್ಲೆಂಡಿನ ಹಡಗು ಕಾಲುವೆಯ ಬಗ್ಗೆ ಒಂದು ಕಿರುಪುಸ್ತಕ ಸಿಕ್ಕಿತು, ಲೈಬ್ರರಿಯವರು ಮಾರಾಟಕ್ಕೆ ಹೊರಗಿಟ್ಟಿದ್ದ ಪೆಟ್ಟಿಗೆಯಲ್ಲಿ. ಗೋದಾಮಿನ ಊಟದ ಬಿಡುವಿನಲ್ಲಿ ಓದಿ ಮುಗಿಸಿದೆ. ವಿಮಾನದ ಊಟದ ಟ್ರೇಗಳನ್ನು ಜೋಡಿಸುವ ಕೈಯಲ್ಲೇ ಅದರ ತುಂಬ ಗೆರೆ ಎಳೆದಿದ್ದೇನೆ. ಕುರಿ ಮೇಯಿಸಿದರೆ ಲಾಭ ಹೆಚ್ಚೆಂದು ಜಮೀನ್ದಾರರು ಬೆಟ್ಟದ ಸೀಮೆಯ ಒಕ್ಕಲುಗಳನ್ನು ಎಬ್ಬಿಸಿದರು. ಆ ಜನ ಅಮೆರಿಕದ ಹಡಗು ಹತ್ತತೊಡಗಿದಾಗ ಸರ್ಕಾರಕ್ಕೆ ಗಾಬರಿಯಾಗಿ, ೧೮೦೩ರಲ್ಲಿ, ಬನ್ನಿ, ಸಮುದ್ರದಿಂದ ಸಮುದ್ರಕ್ಕೆ ಕಾಲುವೆ ತೋಡಿ ಎಂದು ಕೈಗೆ ಸಲಿಕೆ ಕೊಟ್ಟಿತು. ಹೊಲ ಹೋದವರಿಗೆ ಸಲಿಕೆ! ಅದಕ್ಕೆ ಉಪಕಾರ ಎಂಬ ಹೆಸರು ಬೇರೆ. ಹತ್ತೊಂಬತ್ತು ವರ್ಷ ಅಗೆದರು. ಮುಗಿಯುವ ಹೊತ್ತಿಗೆ ಯಾವ ಯುದ್ಧದ ಹಡಗುಗಳಿಗೆಂದು ಅಗೆದರೋ ಆ ಯುದ್ಧವೇ ಮುಗಿದಿತ್ತು. ಆಳ ಸಾಲದು, ಹೊಸ ದೊಡ್ಡ ಹಡಗುಗಳು ಹಿಡಿಯುವುದಿಲ್ಲ. ಇದು ನಿನಗೆ ಎಲ್ಲೋ ಕೇಳಿದ ಕಥೆ ಅನ್ನಿಸುವುದಿಲ್ಲವೇ?

ನಮ್ಮ ನಾಲ್ಕು ಎಕರೆ ಆಲಮಟ್ಟಿಯ ಹಿನ್ನೀರಿನಲ್ಲಿ ಮುಳುಗಿತು. ಅದೇ ನೀರು ಹರಿಯುವ ಕಾಲುವೆ ಅಗೆಯಲು ಅಪ್ಪ ಕೂಲಿಗೆ ಹೋದ. ಆಗ ನಾನು ತೊಟ್ಟಿಲಲ್ಲಿದ್ದೆ, ನಿನಗೆ ಏಳು ವರ್ಷ. ಅಪ್ಪ ಬದುಕಿರುವತನಕ ನನಗೆ ಆ ದಿನಗಳ ಬಗ್ಗೆ ಒಂದು ಮಾತೂ ಹೇಳಲಿಲ್ಲ. ನೀನು ನೋಡಿದ್ದೀಯ. ಬರೆ.

ಇನ್ನೊಂದು. ಎಳ್ಳಮವಾಸ್ಯೆ ಡಿಸೆಂಬರ್ ಹತ್ತೊಂಬತ್ತಕ್ಕೆ. ಅವ್ವ ಇಲ್ಲೇ ಭೂಮಿತಾಯಿಗೆ ಎಡೆಯ ಚರಗ ಚೆಲ್ಲಬೇಕೆಂದಿದ್ದಾಳೆ. “ಹೊಲ ಎಲ್ಲೈತಿ ಅವ್ವಾ?” ಎಂದರೆ, “ನಿಮ್ಮಪ್ಪಗ ಎಲ್ಲಿತ್ತು? ಹೊಲ ಮುಳುಗಿದ ಮ್ಯಾಲೆ ಹಿನ್ನೀರಿನ ದಂಡ್ಯಾಗ ನಿಂತು, ಹೊಲ ಇದ್ದ ಕಡೆ ಮಾರಿ ಮಾಡಿ ನೀರಿಗೇ ಚೆಲ್ಲತಿದ್ದ. ನಿನ್ನ ಮನಿ ಹಿಂದ ಕಾಲುವಿ ಐತಲ್ಲ, ಸಾಕು” ಎಂದಳು. ಚೆಲ್ಲುವ ಕೆಲಸ ನನ್ನದೇ ಎಂದು ಹಟ ಹಿಡಿದೆ, ಒಪ್ಪಿದಳು. ಆದರೆ ಮುಂದೆ ಚೆಲ್ಲುತ್ತಾ ಹೋಗುವವರು ಕೂಗಿದಾಗ ಹಿಂದೆ ತಂಬಿಗೆಯ ನೀರು ಚಿಮುಕಿಸುತ್ತಾ ಓಗೊಡಬೇಕಲ್ಲ, ಅದು ನಿತೀಶನ ಜಾಗ, ಸಣ್ಣವನಿದ್ದಾಗಿನಿಂದ ಅವನದೇ ಎನ್ನುತ್ತಾಳೆ. ನೀನು ಬರಲೇಬೇಕು.

ಇನ್ನೂ ಸಿಟ್ಟಿನಲ್ಲೇ ಇರುವ,
ಅಂಕಿತಾ

•

ಬನವಿ, ಸ್ಕಾಟ್ಲೆಂಡ್
೧೪ ಅಕ್ಟೋಬರ್

ಅಂಕೂ,

ಬರುತ್ತೇನೆ. ಹದಿನೆಂಟರ ರೈಲಿಗೆ ರಜೆ ಹಾಕಿದ್ದೇನೆ. ಅವ್ವನಿಗೆ ಪುಂಡಿಪಲ್ಲೆ ಎಲ್ಲಿ ಸಿಗುತ್ತದೆಂದು ಚಿಂತೆ ಬೇಡ ಅನ್ನು, ನಿಮ್ಮ ಪಕ್ಕದ ಸೌತಾಲ್‌ನಲ್ಲಿ ಸಿಗುತ್ತದೆ.

ನೀನು ಓದಿದ್ದೆಲ್ಲ ನಿಜ. ನಾನು ಇಲ್ಲಿ ಕಂಡದ್ದನ್ನೂ ಸ್ವಲ್ಪ ಕೇಳು. ಬನವಿಯಲ್ಲಿ ಒಂದರ ಮೇಲೊಂದು ಎಂಟು ಲಾಕುಗಳಿವೆ, ಎರಡೂ ತುದಿಗೆ ಬಾಗಿಲಿರುವ ನೀರಿನ ತೊಟ್ಟಿಗಳು. ದೋಣಿ ಒಳಗೆ ಬಂದರೆ ಹಿಂದಿನ ಬಾಗಿಲು ಮುಚ್ಚಿ, ನೀರು ತುಂಬಿಸಿ, ಮುಂದಿನ ಬಾಗಿಲು ತೆಗೆಯುತ್ತೇವೆ. ಹೀಗೆ ಮೆಟ್ಟಿಲು ಹತ್ತಿದಂತೆ ಬೆಟ್ಟ ಹತ್ತುತ್ತದೆ. ಈಗ ಗುಂಡಿ ಒತ್ತಿದರೆ ಆಯಿತು. ಅರವತ್ತು ವರ್ಷದ ಹಿಂದಿನವರೆಗೂ ಗಾಣದ ಎತ್ತಿನ ಹಾಗೆ ಮನುಷ್ಯರು ಸುತ್ತು ಹಾಕಿ ಬಾಗಿಲು ತೆಗೆಯುತ್ತಿದ್ದರು. ನನ್ನ ಜೊತೆಗಿರುವ ಮುದುಕನೊಬ್ಬನ ಅಪ್ಪ ಹಾಗೆ ಸುತ್ತಿದವನು. ಆತ ಅದನ್ನು ಹೇಳುವಾಗ ಅಳುವುದಿಲ್ಲ, ಎದೆ ಉಬ್ಬಿಸುತ್ತಾನೆ. ನಿನಗೆ ಇದು ಹಿಡಿಸುವುದಿಲ್ಲ, ಗೊತ್ತು.

ಅಗೆಯುವವರು ಹೆರಿಂಗ್ ಮೀನು ಬರುವ ಕಾಲಕ್ಕೆ, ಒಲೆಯಲ್ಲಿ ಸೌದೆಯ ಹಾಗೆ ಉರಿಯುವ ಜೌಗುಮಣ್ಣಿನ ಹೆಂಟೆ ಕಡಿಯುವ ಕಾಲಕ್ಕೆ ಸಲಿಕೆ ಬಿಸಾಡಿ ಮನೆಗೆ ಹೋಗಿಬಿಡುತ್ತಿದ್ದರಂತೆ. ಎಂಜಿನಿಯರುಗಳು ಗೊಣಗುತ್ತಾ ವರದಿ ಬರೆದರು. ಇವರು ಕೇಳಲೇ ಇಲ್ಲ. ಎರಡೂ ಸಮುದ್ರದ ಕಡೆಯಿಂದ ಅಗೆಯುತ್ತಾ ಬಂದರು, ನಡುವಿನ ತುಂಡು ಕೊನೆಗೆ ಉಳಿಯಿತು. ದೊಡ್ಡ ಹಡಗು ಬರಲಿಲ್ಲ, ಸರಿ. ಮೀನುಗಾರರ ಸಣ್ಣ ದೋಣಿಗಳು ಬಂದವು. ಉತ್ತರದ ಸಮುದ್ರದ ಬಿರುಗಾಳಿಗೆ ಸಿಗದೆ ಒಳಗಿಂದಲೇ ದಾಟಿದವು. ಮುಳುಗದೆ ಉಳಿದ ದೋಣಿಯ ಬಗ್ಗೆ ಯಾರೂ ಕಿರುಪುಸ್ತಕ ಬರೆಯುವುದಿಲ್ಲ.

ಅಪ್ಪನ ಬಗ್ಗೆ ಕೇಳಿದ್ದೀಯ. ಇದನ್ನು ನಾನು ಯಾರಿಗೂ ಹೇಳಿಲ್ಲ. ಕಾಲುವೆಗೆ ಮೊದಲ ಸಲ ನೀರು ಬಿಟ್ಟ ದಿನ ಅಪ್ಪ ನನ್ನನ್ನು ಕರೆದುಕೊಂಡು ಹೋದ. ಒಣ ಕಾಲುವೆಯಲ್ಲಿ ನೀರು ನುಗ್ಗುವುದಿಲ್ಲ ಅಂಕೂ, ನಡೆದು ಬರುತ್ತದೆ. ಕಸ, ಕಡ್ಡಿ, ನೊರೆ ಮುಂದೆ ನೂಕುತ್ತಾ, ಅಲ್ಲಲ್ಲಿ ನಿಂತು ಗುಂಡಿ ತುಂಬಿಸುತ್ತಾ ಬರುತ್ತದೆ. ಅಪ್ಪ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಕಾಲುವೆಯೊಳಕ್ಕೇ ಇಳಿದು ನೀರಿನ ಮುಂದೆ ಓಡಿದ. ಬರಿಗಾಲು. ನೀರು ಹಿಮ್ಮಡಿ ಮುಟ್ಟಿದಾಗೊಮ್ಮೆ ಚಿಕ್ಕ ಹುಡುಗನ ಹಾಗೆ ನಗುತ್ತಿದ್ದ. “ನೋಡಲೇ ನಿತ್ಯಾ, ಬೆನ್ನ ಹತ್ತೈತಿ!” ಆ ನೀರು ನಮ್ಮ ಹೊಲಕ್ಕೆ ಬರುವುದಲ್ಲ ಎಂದು ಅವನಿಗೆ ಗೊತ್ತಿತ್ತು, ನಮ್ಮ ಹೊಲ ಆಗಲೇ ನೀರೊಳಗಿತ್ತು. ಆದರೂ ನಕ್ಕ. ಅಪ್ಪ ಅಷ್ಟು ನಕ್ಕದ್ದನ್ನು ನಾನು ಮುಂದೆಂದೂ ನೋಡಲಿಲ್ಲ. ನಾನು ಈ ಕೆಲಸಕ್ಕೆ ಬಂದದ್ದು ಆ ದಿನದಿಂದ.

ನಿನ್ನ,
ಅಣ್ಣ

•

ಹೇಸ್
೨೨ ಅಕ್ಟೋಬರ್

ಅಣ್ಣಾ,

ನಿನ್ನ ಕಾಗದವನ್ನು ಅವ್ವನಿಗೆ ಅರ್ಧ ಓದಿದೆ. ಅಪ್ಪನ ಭಾಗ ಬಂದಾಗ ಬಸ್ಸಿಗೆ ಹೊತ್ತಾಯಿತೆಂದು ಎದ್ದೆ.

ನಿನ್ನ ಮುದುಕನ ಎದೆ ಉಬ್ಬಲಿ. ನನ್ನದು ಉರಿಯುತ್ತದೆ. ಕೂಲಿಗಳು ವಿಸ್ಕಿ ಕುಡಿಯುತ್ತಾರೆಂದು ಕಾಲುವೆಯ ಪಶ್ಚಿಮದ ತುದಿಯಲ್ಲಿ ಬಿಯರ್ ಕಾಯಿಸುವ ಮನೆ ಕಟ್ಟಿಸಿದರಂತೆ, ಗೊತ್ತೇ? ಊರು ಕೊಡಲಾರದವರು ಬಿಯರ್ ಕೊಟ್ಟರು. ನಮಗೂ ಗೋದಾಮಿನಲ್ಲಿ ಶುಕ್ರವಾರ ಪಿಜ್ಜಾ ಕೊಡುತ್ತಾರೆ, ಪಾಳಿಯ ಪಟ್ಟಿ ಮಾತ್ರ ಹಿಂದಿನ ಸಂಜೆ ಬದಲಾಗುತ್ತದೆ.

ನಾನೊಂದು ಕರಪತ್ರ ಬರೆಯುತ್ತಿದ್ದೇನೆ. ಹೆಸರು “ಅಗೆದವರು”. ಕನ್ನಡದಲ್ಲಿ, ನಾಲ್ಕು ಪುಟ. ಅರ್ಧ ನಿನ್ನ ಕಾಲುವೆ, ಅರ್ಧ ನಮ್ಮದು. ಕೆಂಟನ್‌ನಲ್ಲಿ ರಾಜ್ಯೋತ್ಸವಕ್ಕೆ ಸೇರುವ ಕನ್ನಡಿಗರಿಗೆ ಹಂಚುತ್ತೇನೆ. ಅವರ ಹೋಳಿಗೆಯಲ್ಲಿ ಒಂದು ಕಲ್ಲಾದರೂ ಸಿಗಲಿ.

ಅವಸರದಲ್ಲಿ,
ಅಂಕಿತಾ

•

ಹೇಸ್
೯ ನವೆಂಬರ್

ಅಣ್ಣಾ,

ಗೆದ್ದೆ! ನಿನ್ನೆ ಕೆಂಟನ್‌ನ ಹಾಲ್‌ಗೆ ಅವ್ವನನ್ನೂ ಕರೆದುಕೊಂಡು ಹೋಗಿದ್ದೆ. ಬಾಗಿಲಲ್ಲೇ ನಿಂತು ಎಲ್ಲರ ಕೈಗೂ ಕರಪತ್ರ ಕೊಟ್ಟೆ. ಮೊದಲು ಸಿಕ್ಕವರು ಡಾಕ್ಟರ್ ಅಶ್ವತ್ಥನಾರಾಯಣ, ಮೈಸೂರಿನವರು, ಇಲ್ಲಿಯ ಆಸ್ಪತ್ರೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಕನ್ನಡಕ ಹಣೆಗೇರಿಸಿ ಮೊದಲ ಪುಟ ಪೂರ್ತಿ ಓದಿದರು.

“ತುಂಬಾ ಚೆನ್ನಾಗ್ ಬರ್ದಿದ್ದೀಯಮ್ಮ, ಭಾಷೆ ಶುದ್ಧವಾಗಿದೆ. ಅಂದ ಹಾಗೆ ಊಟದ ಕೂಪನ್ ನಿನ್ ಹತ್ರಾನೇ ತಗೋಬೇಕಾ?”

“ನಾನು ಕೂಪನ್ ಕೊಡುವವಳಲ್ಲ ಸಾರ್. ಕರಪತ್ರ ಕೊಡುವವಳು.”

“ಎರಡೂ ಇದ್ರೆ ಚೆನ್ನಾಗಿರ್ತಿತ್ತು ನೋಡು” ಎಂದರು ಪುಣ್ಯಾತ್ಮರು.

ಆದರೆ ಅವರ ಹೆಂಡತಿ ವೇದಾ ಅವರು ಮೂಲೆಯ ಕುರ್ಚಿಯಲ್ಲಿ ಕೂತು ನಾಲ್ಕೂ ಪುಟ ಓದಿದರು. ಆಮೇಲೆ ನನ್ನ ಕೈ ಹಿಡಿದುಕೊಂಡರು. ಕಣ್ಣಲ್ಲಿ ನೀರು. “ಪಾಪ ಕಣೇ, ನಿಮ್ ತಂದೆ! ಎಷ್ಟು ನೊಂದಿರ್ಬೇಕು ಆ ಜೀವ!” ಒಂದು ಕರಪತ್ರಕ್ಕೆ ಇದಕ್ಕಿಂತ ಏನು ಬೇಕು? ಹಾಡು ಮುಗಿದ ಮೇಲೆ ಮೈಕ್ ಕೊಟ್ಟು ಕೊನೆಯ ಪುಟ ಓದಿಸಿದರು.

ವಾಪಸ್ ಬರುವಾಗ ಅವ್ವ ಬಸ್ಸಿನಿಂದ ಇಳಿಯುವಾಗ “ನಿಮ್ಮಪ್ಪ ಹಂಗ ಇದ್ದಿಲ್ಲ” ಎಂದಳು. ಯಾಕೆ ಹಾಗಂದಳೋ. ದಣಿದಿದ್ದಳು.

ಒಂದು ಪ್ರತಿ ಇದರ ಜೊತೆ ಇಟ್ಟಿದ್ದೇನೆ. ಓದಿ ನೋಡು.

ಉಬ್ಬಿಹೋಗಿರುವ,
ನಿನ್ನ ಕಾಳವ್ವ

•

ಬನವಿ
೧೮ ನವೆಂಬರ್

ಅಂಕಿತಾ,

ಓದಿದೆ. ಕೊನೆಯ ಪುಟದಲ್ಲಿ ಹೀಗಿದೆ: “ತನ್ನ ಹೊಲವನ್ನು ನುಂಗಿದ ನೀರು ಬೆನ್ನಟ್ಟಿ ಬರುತ್ತಿರಲು ನನ್ನ ಅಪ್ಪ ಪರಪ್ಪ, ಹೆಗಲ ಮೇಲೆ ಮಗನನ್ನು ಹೊತ್ತು, ಕಾಲುವೆಯುದ್ದಕ್ಕೂ ಅಳುತ್ತಾ ಓಡಿದ.”

ಅಪ್ಪ ಅಳಲಿಲ್ಲ. ನಾನು ನಿನಗೆ ಬರೆದದ್ದು ನಕ್ಕ ಎಂದು. ನಾನು ಅವನ ಹೆಗಲ ಮೇಲಿದ್ದೆ, ಅವನು ನಕ್ಕಾಗ ನನ್ನ ಮೈಯೂ ಕುಲುಕುತ್ತಿತ್ತು. ನೀನು ಆ ಪದ ತೆಗೆದು ನಿನಗೆ ಬೇಕಾದ ಪದ ಹಾಕಿ, ಕೂಪನ್ ಕೇಳುವವರ ಮುಂದೆ, ಅವ್ವನ ಎದುರಿಗೇ ಮೈಕಿನಲ್ಲಿ ಓದಿದೆ.

ಹೊಲ ಸರ್ಕಾರ ತೆಗೆದುಕೊಂಡಿತು. ಅಪ್ಪನ ಹತ್ತಿರ ಉಳಿದದ್ದು ಆ ಒಂದು ದಿನ. ಅದನ್ನು ನೀನು ತೆಗೆದುಕೊಂಡೆ.

ನಿತೀಶ

•

ಹೇಸ್
೨೧ ನವೆಂಬರ್

ಅಣ್ಣಾ,

ಒಂದು ಪದಕ್ಕೆ ಇಷ್ಟು ಸಿಟ್ಟೇ?

ನಕ್ಕ ಎಂದು ಬರೆದರೆ ಜನ ಏನನ್ನುತ್ತಾರೆ ಗೊತ್ತೇ? ನೋಡಿ, ಹೊಲ ಹೋದರೂ ಖುಷಿಯಾಗೇ ಇದ್ದರು, ಅಭಿವೃದ್ಧಿ ಎಂದರೆ ಹೀಗೆ ಎನ್ನುತ್ತಾರೆ. ಆ ನಗು ಅವರ ಕೈಗೆ ಸಿಗಬಾರದೆಂದೇ ಬದಲಾಯಿಸಿದೆ. ಅದೂ ಅಲ್ಲದೆ ಏಳು ವರ್ಷದ ಹುಡುಗ ಹೆಗಲ ಮೇಲೆ ಕೂತು ಅಪ್ಪನ ಮುಖವನ್ನು ಹೇಗೆ ನೋಡಿದ? ನಿನಗೆ ಕಂಡದ್ದು ಅವನ ನೆತ್ತಿ. ನೀನು ಈಗ ಸರ್ಕಾರಿ ಕಾಲುವೆಯ ಸಂಬಳದವನು, ನಿನಗೆ ಎಲ್ಲರ ನಗುವೂ ಕೇಳಿಸುತ್ತದೆ.

ನಾನು ಬರೆದದ್ದು ಸುಳ್ಳಲ್ಲ. ಒಳಗೆ ಅಳುತ್ತಲೇ ಇದ್ದ.

ಅಂಕಿತಾ

•

ಹೇಸ್
೭ ಡಿಸೆಂಬರ್

ಅಣ್ಣಾ,

ನಿನ್ನಿಂದ ಕಾಗದ ಬರಲಿಲ್ಲ. ನೀನು ಅವ್ವನಿಗೆ ಫೋನ್ ಮಾಡುತ್ತೀಯೆಂದು ಗೊತ್ತು. ನಾನು ಪಾಳಿಗೆ ಹೋದ ಹೊತ್ತು ನೋಡಿ ಮಾಡುತ್ತೀಯ. ಬಂದ ಮೇಲೆ ಕೇಳಿದರೆ “ಆರಾಮ ಅದಾನ” ಎನ್ನುತ್ತಾಳೆ, ಅಷ್ಟೇ.

ಮೊನ್ನೆ ಒಲೆಯ ಹತ್ತಿರ ನಿಂತು ಅವಳನ್ನೇ ಕೇಳಿದೆ. ಹಾಲ್‌ನಿಂದ ಬಂದ ದಿನ ಯಾಕೆ ಹಾಗಂದೆ ಎಂದು. ಅವಳು ಶೇಂಗಾ ಹುರಿಯುತ್ತಿದ್ದಳು.

“ಆ ದಿನ ಸಂಜೀಕ ಮನೀಗಿ ಬಂದ. ಮೊಣಕಾಲ ಮಟ ರಾಡಿ. ಏನಿದು ಅಂದ್ನಿ. ‘ನಾಗವ್ವಾ, ನಾ ಅಗದ ನೆಲದಾಗ ನೀರ ಬಂತ. ನನ್ನ ಬೆನ್ನ ಹತ್ತಿತ್ತ’ ಅಂದ. ತೊಟ್ಟಿಲದಾಗಿಂದ ನಿನ್ನ ಎತ್ತಿಕೊಂಡು ರಾಡಿ ಕಾಲಿಲೇ ಮನಿತುಂಬ ಓಡ್ಯಾಡಿದ. ನಾ ಬೈದ್ನಿ. ನೀ ನಕ್ಕೋಂತ ಇದ್ದಿ.”

“ನಾನಾ?”

“ಹೌದ. ಇಬ್ರೂ ನಕ್ರಿ. ಎರಡು ದಿನ ಆದ ಮ್ಯಾಲೆ ಒಬ್ಬನ ಕುಂತು ಅತ್ತ. ಅದನ್ನೂ ನಾ ನೋಡೀನಿ. ಆದ್ರ ಅದು ಬ್ಯಾರೆ ದಿನ, ತಂಗಿ.”

ಅದು ಬೇರೆ ದಿನ ಅಣ್ಣಾ. ನಾನು ಎರಡು ದಿನಗಳನ್ನು ಸೇರಿಸಿ ಒಂದು ಮಾಡಿದೆ. ನನಗೆ ಒಂದೇ ದಿನ ಸಾಕಿತ್ತು.

ಮನೆಯಲ್ಲಿ ಉಳಿದಿದ್ದ ಪ್ರತಿಗಳಲ್ಲೆಲ್ಲ “ಅಳುತ್ತಾ” ಎಂಬುದನ್ನು ಹೊಡೆದು ಪೆನ್ನಿನಲ್ಲಿ “ನಗುತ್ತಾ” ಎಂದು ಬರೆದೆ. ಹಂಚಿದ್ದನ್ನು ಏನು ಮಾಡಲಿ? ನಿನ್ನೆ ವೇದಾ ಅವರು ಟೂಟಿಂಗ್‌ನ ಹೋಟೆಲಿನಲ್ಲಿ ಸಿಕ್ಕರು, ತಮ್ಮ ಜೊತೆಗಿದ್ದವರಿಗೆ “ಇವಳೇ ನೋಡಿ, ಪಾಪ, ಅವರ ತಂದೆ ಅಳ್ತಾ ಓಡಿದ್ರಲ್ಲ” ಎಂದು ಪರಿಚಯ ಮಾಡಿಸಿದರು. ಇಲ್ಲ, ನಗುತ್ತಾ ಎಂದೆ. “ಅಯ್ಯೋ, ದುಃಖ ಹೆಚ್ಚಾದ್ರೆ ಹಾಗೇ ಆಗತ್ತಮ್ಮ” ಎಂದು ನನ್ನ ಕೆನ್ನೆ ಸವರಿದರು. ದೋಸೆ ಬಿಟ್ಟು ಎದ್ದು ಬಂದೆ.

ತಪ್ಪಾಯಿತು. ಈ ಪದ ಬರೆಯುವುದು ನನಗೆ ಎಷ್ಟು ಕಷ್ಟ ಎಂದು ನಿನಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ.

ಅವ್ವ ಸಜ್ಜೆ ಹಿಟ್ಟು ತರಿಸಿದ್ದಾಳೆ. ಬದನೆಕಾಯಿ ಎಳೆಯವೇ ಬೇಕೆಂದು ಮೂರು ಅಂಗಡಿ ಸುತ್ತಿಸಿದ್ದಾಳೆ. ತಂಬಿಗೆಯೇ ಇಲ್ಲದ ಈ ಬಾಡಿಗೆ ಮನೆಯ ಅಡುಗೆಮನೆಗೆ ಊರಿಂದ ತಾನು ತಂದ ತಾಮ್ರದ ತಂಬಿಗೆಯನ್ನು ಹುಣಸೆಹಣ್ಣು ಹಾಕಿ ಬೆಳಗಿ ಕಿಟಕಿಯಲ್ಲಿಟ್ಟಿದ್ದಾಳೆ. ನಿನ್ನ ಆ ಅಗೆಯುವವರು ಮೀನಿನ ಕಾಲಕ್ಕೆ ಸಲಿಕೆ ಬಿಸಾಡಿ ಮನೆಗೆ ಹೋಗುತ್ತಿದ್ದರೆಂದು ನೀನೇ ಬರೆದಿದ್ದೆ. ಹಾಗೆ ಬಾ. ನನ್ನ ಜೊತೆ ಮಾತಾಡಬೇಡ, ನಾನು ಬೇಕಾದರೆ ಆ ದಿನ ಕೆಲಸಕ್ಕೆ ಹೋಗುತ್ತೇನೆ. ಅವ್ವನಿಗಾಗಿ ಬಾ.

ತಂಗಿ

•

ಹೇಸ್
೨೦ ಡಿಸೆಂಬರ್

ಅಣ್ಣಾ,

ಹದಿನೆಂಟರ ಸಂಜೆ ಅವ್ವ ಯೂಸ್ಟನ್ ನಿಲ್ದಾಣಕ್ಕೆ ಹೋಗೋಣ ಎಂದಳು. ನೀನು ಬರುವುದಿಲ್ಲವೆಂದು ಫೋನಿನಲ್ಲಿ ಹೇಳಿದ್ದೆಯಂತೆ, ಕಾಲುವೆಯ ಪೂರ್ವದ ತುದಿಯ ಕೆಲಸಕ್ಕೆ ಹಾಕಿದ್ದಾರೆ, ಬಾಗಿಲು ಬಿಚ್ಚಿಟ್ಟಿದ್ದಾರೆ, ರಜೆ ಇಲ್ಲ ಎಂದು. ಅದೆಲ್ಲ ಅವಳು ನನಗೆ ಹೇಳಿದ್ದು ರೈಲು ಖಾಲಿಯಾದ ಮೇಲೆ. “ಗೊತ್ತಿದ್ದೂ ಯಾಕ ಬಂದಿ ಅವ್ವಾ?” ಎಂದೆ. “ಮನಸು ಬದಲಾಗಿದ್ರ? ಇಲ್ಲಿ ಯಾರೂ ಇಲ್ಲ ಅಂತ ವಾಪಸ್ ಹೋಗಬಾರದಲ್ಲ” ಎಂದಳು.

ನಿನ್ನೆ ಮಧ್ಯಾಹ್ನ ಕಾಲುವೆಗೆ ಹೋದೆವು. ನಮ್ಮ ಮನೆಯ ಹಿಂದೆ ದಂಡೆಯ ದಾರಿ ಸ್ವಲ್ಪ ಅಗಲವಾಗುತ್ತದಲ್ಲ, ಅಲ್ಲಿ. ಅವ್ವ ಸ್ವೆಟರಿನ ಮೇಲೆ ಇಳಕಲ್ಲ ಸೀರೆ ಉಟ್ಟಿದ್ದಳು. ನಾನು ಬುಟ್ಟಿ ಹೊತ್ತೆ. ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಪುಂಡಿಪಲ್ಲೆ, ಕಡುಬು, ಎಲ್ಲವನ್ನೂ ಕಲಸಿದ್ದಳು. ಅವ್ವ ಯಾವ ಕಡೆ ಮುಖ ಮಾಡಬೇಕೆಂದು ತುಸು ಹೊತ್ತು ನೋಡಿದಳು. ಹೊಲ ಯಾವ ದಿಕ್ಕಿಗೆ ಎಂದು ನನಗೆ ಹೇಳಲಾಗಲಿಲ್ಲ. ಕೊನೆಗೆ ಉತ್ತರಕ್ಕೆ ತಿರುಗಿದಳು. ಅದು ನಮ್ಮ ಹೊಲದ ದಿಕ್ಕಲ್ಲ ಅಣ್ಣಾ, ನೀನಿರುವ ದಿಕ್ಕು.

ಮೊದಲ ಹಿಡಿ ನೀರಿಗೆ ಚೆಲ್ಲಿ ಅಪ್ಪ ಕೂಗುತ್ತಿದ್ದ ಹಾಗೆ ಗಟ್ಟಿಯಾಗಿ ಕೂಗಿದೆ. ಬಾತುಕೋಳಿಗಳು ಗದ್ದಲ ಮಾಡುತ್ತಾ ಬಂದವು. ಹಿಂದಿನಿಂದ ತಂಬಿಗೆಯ ನೀರು ಚಿಮುಕಿದ ಸದ್ದು ಕೇಳಿತು. ಓಗೊಡುವ ಸದ್ದು ಬರಲಿಲ್ಲ. ಅವ್ವನಿಗೆ ಕೇಳಿಸಲಿಲ್ಲವೇನೋ ಎಂದು ಇನ್ನೊಂದು ಹಿಡಿ ಚೆಲ್ಲಿ ಇನ್ನೂ ಗಟ್ಟಿಯಾಗಿ ಕೂಗಿದೆ. ಸೈಕಲ್ಲಿನವನೊಬ್ಬ ನಿಲ್ಲಿಸಿ, ನಾಯಿ ಕಳೆದುಹೋಯಿತೇ, ಯಾವ ಬಣ್ಣದ್ದು, ಹುಡುಕಿಕೊಡಲೇ ಎಂದು ಕೇಳಿದ. ಒಳ್ಳೆಯವನು. ಇಲ್ಲ, ಏನೂ ಕಳೆದಿಲ್ಲ ಎಂದೆ.

ತಿರುಗಿ ನೋಡಿದೆ. ಅವ್ವ ತಂಬಿಗೆ ಹಿಡಿದು ಎರಡು ಹೆಜ್ಜೆ ಹಿಂದೆ ನಿಂತಿದ್ದಳು.

“ನೀನ ಓ ಅನ್ನಬಾರದೇನವ್ವಾ?” ಎಂದೆ.

“ಅದು ಅವಂದು. ನಾ ಅಂದ್ರ ಆ ಜಾಗ ತುಂಬಿ ಹೋಗತೈತಿ. ಬಿಟ್ಟೀನಿ. ನೀ ಕೂಗು.”

ಬುಟ್ಟಿ ಖಾಲಿಯಾಗುವವರೆಗೂ ಕೂಗಿದೆ ಅಣ್ಣಾ. ಒಂದೊಂದು ಕೂಗಿನ ನಂತರವೂ ನೀನು ಓಗೊಡುವಷ್ಟು ಹೊತ್ತು ಬಿಟ್ಟು, ಆಮೇಲೆ ಮುಂದಿನ ಹೆಜ್ಜೆ ಇಟ್ಟೆ.

ಅಂಕೂ